ಹಗಲು ಕಚ್ಚಿದ್ದು, ರಾತ್ರಿ ಅರೆದದ್ದು

ನೀರುದೋಸೆ ತಿನ್ನುವಾಗ ನನ್ನ ಹಲ್ಲು ಮುರಿಯಿತು. ಚಕ್ಕುಲಿಯಲ್ಲ, ಹಲಸಿನ ಹಪ್ಪಳವಲ್ಲ, ಕೋರಿರೊಟ್ಟಿಯ ಒಣ ತುಂಡೂ ಅಲ್ಲ. ಬಾಯಿಗಿಟ್ಟರೆ ಕರಗುವ ನೀರುದೋಸೆ. ಕೆಳಗಿನ ಎಡ ದವಡೆಯಲ್ಲಿ ಕಲ್ಲು ಸಿಕ್ಕಿದಂತಾಗಿ ಉಗುಳಿ ನೋಡಿದರೆ ಹಲ್ಲಿನ ಒಂದು ಮೂಲೆ. ಅಕ್ಕಿಯಲ್ಲಿ ಕಲ್ಲಿತ್ತೇ ಎಂದು ಅತ್ತೆ ಗಾಬರಿಯಾದರು. ಅಕ್ಕಿ ಆರಿಸಿದವರು ಅವರೇ. "ಕಲ್ಲಲ್ಲ ಅತ್ತೆ, ನನ್ನದೇ ಹಲ್ಲು" ಎಂದಾಗ ಅವರ ಮುಖದಲ್ಲಿ ಕಾಣಿಸಿಕೊಂಡ ನಿರಾಳವನ್ನು ನೋಡಿ, ಆ ನೋವಿನಲ್ಲೂ ನನಗೆ ನಗು ಬಂತು.

ಅದು 2023ರ ಫೆಬ್ರವರಿ. ನಾನು ಮಲ್ಪೆಯಲ್ಲಿ ಐದಾರು ಬೋಟುಗಳ ಲೆಕ್ಕ ಬರೆಯುವವಳು. ಆಳಸಮುದ್ರಕ್ಕೆ ಹೋದ ಬೋಟು ಹತ್ತು ಹನ್ನೆರಡು ದಿನ ಬಿಟ್ಟು ದಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ಬರುತ್ತದೆ. ಮೀನು ಹರಾಜಾಗುತ್ತದೆ. ಡೀಸೆಲು, ಐಸು, ರೇಶನ್ನಿನ ಖರ್ಚು ಕಳೆದು, ಮಾಲೀಕರ ಪಾಲೆಷ್ಟು, ಬೋಟು ನಡೆಸುವ ತಾಂಡೇಲನಿಗೆಷ್ಟು, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆಷ್ಟು ಎಂದು ಅದೇ ದಿನ ಹಂಚಿ ಮುಗಿಸಬೇಕು. ಎರಡು ಬೋಟು ಒಟ್ಟಿಗೆ ಬಂದರೆ ಊಟದ ನೆನಪೂ ಇರುವುದಿಲ್ಲ. ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೂ ಕೇಳುವುದಕ್ಕೆ ಎಂಟು ಜನ ಬಾಗಿಲಲ್ಲಿ ನಿಂತಿರುತ್ತಾರೆ. ಈ ಕೆಲಸದ ಮಾತು ಇಲ್ಲಿ ಏಕೆ ಬಂತು ಎನ್ನುವುದು ನನಗೂ ತಡವಾಗಿಯೇ ಗೊತ್ತಾದದ್ದು.

ಹಲ್ಲು ಮುರಿಯುವುದಕ್ಕೆ ನಾಲ್ಕೈದು ತಿಂಗಳ ಮೊದಲಿನಿಂದ ಬೆಳಿಗ್ಗೆ ಏಳುವಾಗಲೇ ಎರಡೂ ಕಣತಲೆ ಬಿಗಿಹಿಡಿದಿರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಕಣ್ಣಿನದಿರಬೇಕೆಂದು ಕನ್ನಡಕ ಬದಲಾಯಿಸಿದೆ. ಆಮೇಲೆ ಎಡಗಿವಿ ನೋಯತೊಡಗಿತು. ಕಿವಿಯ ವೈದ್ಯರು ಬೆಳಕು ಬಿಟ್ಟು ನೋಡಿ, "ಕಿವಿಯಲ್ಲಿ ಏನೂ ಇಲ್ಲ, ದವಡೆಯನ್ನು ಒಮ್ಮೆ ತೋರಿಸಿ" ಎಂದರು. ದವಡೆಯನ್ನು ಯಾರಿಗೆ ತೋರಿಸುವುದು? ದವಡೆಗೆಂದು ಒಬ್ಬ ವೈದ್ಯರಿರುತ್ತಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಸುಮ್ಮನಾದೆ.

ಮನೆಯಲ್ಲಿ ಇನ್ನೊಂದು ನಾಟಕ ನಡೆದಿತ್ತು. ರಾತ್ರಿ ಅಟ್ಟದಲ್ಲಿ ಇಲಿ ಏನನ್ನೋ ಕಡಿಯುತ್ತಿದೆ ಎಂದು ಗಂಡ ಎರಡು ರಾತ್ರಿ ತೆಂಗಿನಕಾಯಿ ಚೂರು ಸಿಕ್ಕಿಸಿ ಇಲಿಬೋನು ಇಟ್ಟಿದ್ದರು. ಮೂರನೆಯ ರಾತ್ರಿ ಟಾರ್ಚು ಹಿಡಿದು ಎದ್ದವರಿಗೆ ಸದ್ದು ಅಟ್ಟದಿಂದಲ್ಲ, ಪಕ್ಕದ ದಿಂಬಿನಿಂದ ಬರುತ್ತಿರುವುದು ತಿಳಿಯಿತು. "ಒಣ ಅಕ್ಕಿಯನ್ನು ಅರೆಯುವ ಕಲ್ಲಿಗೆ ಹಾಕಿದ ಹಾಗಿತ್ತು ಮಾರಾಯ್ತಿ" ಎಂದು ಮರುದಿನ ಹೇಳಿದರು. ನಾನು ನಂಬಲಿಲ್ಲ. ಮೊಬೈಲಿನಲ್ಲಿ ಹಿಡಿದು ಕೇಳಿಸಿದಾಗ ಬಾಯಿ ಮುಚ್ಚಿಕೊಂಡೆ.

ಅತ್ತೆಯವರ ತೀರ್ಪು ಸಿದ್ಧವಾಗಿತ್ತು: ಹೊಟ್ಟೆಯಲ್ಲಿ ಹುಳ. ನಮ್ಮ ಕಡೆ ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿಗೆ ಈ ತೀರ್ಪಿನಿಂದ ಬಿಡುಗಡೆಯಿಲ್ಲ. ಶಾಲೆಯಲ್ಲಿ ವರ್ಷಕ್ಕೆರಡು ಬಾರಿ ಮಕ್ಕಳಿಗೆ ಕೊಡುತ್ತಾರಲ್ಲ, ಆ ಆಲ್ಬೆಂಡಜೋಲ್ ಮಾತ್ರೆಯನ್ನು ನಲವತ್ತೆರಡನೆಯ ವಯಸ್ಸಿನಲ್ಲಿ ನಾನೂ ಚೀಪಿದೆ. ಹುಳ ಇತ್ತೋ ಇಲ್ಲವೋ, ಅರೆಯುವುದು ನಿಲ್ಲಲಿಲ್ಲ. ಹುಳಕ್ಕೂ ಹಲ್ಲು ಕಡಿಯುವುದಕ್ಕೂ ನಂಟು ಹಾಕುವುದು ಹಳೆಯ ನಂಬಿಕೆ, ದೃಢವಾದ ಆಧಾರ ಇಲ್ಲ ಎಂದು ಮುಂದೆ ಮಣಿಪಾಲದಲ್ಲಿ ಹೇಳಿದರು. ಅತ್ತೆಯವರಿಗೆ ನಾನದನ್ನು ಇವತ್ತಿಗೂ ಹೇಳಿಲ್ಲ.

ಮುರಿದ ಹಲ್ಲನ್ನು ಉಡುಪಿಯ ಒಂದು ದಂತ ಚಿಕಿತ್ಸಾಲಯದಲ್ಲಿ ತುಂಬಿಸಿದೆ. "ನೀವು ರಾತ್ರಿ ಹಲ್ಲು ಕಡಿಯುತ್ತೀರಿ" ಎಂದು ಅಲ್ಲಿನವರು ಸರಿಯಾಗಿಯೇ ಗುರುತಿಸಿ, ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ಮೆತ್ತಗಿನ ಒಂದು ಗಾರ್ಡ್ ಕೊಟ್ಟರು. ರಬ್ಬರಿನಂತೆ ಬಾಗುವ, ಪಾರದರ್ಶಕವಾದ ವಸ್ತು. ಹಾಕಿಕೊಳ್ಳಲು ಸುಖವಾಗಿತ್ತು, ಅದೇ ಅದರ ದೋಷ. ಬಾಯಿಗೆ ಮೆತ್ತಗಿನದು ಸಿಕ್ಕಿದರೆ ಕೆಲವರು ಅದನ್ನು ಇನ್ನಷ್ಟು ಜಗಿಯುತ್ತಾರಂತೆ. ಆ ಕೆಲವರಲ್ಲಿ ನಾನು ಒಬ್ಬಳು. ಏಳನೆಯ ವಾರದಲ್ಲಿ ಅದಕ್ಕೆ ತೂತು ಬಿತ್ತು. ಬೆಳಗಿನ ನೋವು ಮೊದಲಿಗಿಂತ ಹೆಚ್ಚಾಗಿತ್ತು. ಇನ್ನೊಂದು ಕಡೆ ತೋರಿಸಿದರೆ, "ಹಲ್ಲುಗಳು ಕೂಡುವುದು ಸಮವಾಗಿಲ್ಲ, ನಾಲ್ಕು ಹಲ್ಲುಗಳನ್ನು ಸ್ವಲ್ಪ ಉಜ್ಜಿ ಸಮ ಮಾಡೋಣ" ಎಂದರು. ಉಜ್ಜಿ ಉಜ್ಜಿಯೇ ಈ ಸ್ಥಿತಿಗೆ ಬಂದಿರುವ ಹಲ್ಲನ್ನು ಇನ್ನೂ ಉಜ್ಜುವುದೇ? ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಎದ್ದು ಬಂದೆ. ಲೆಕ್ಕ ಬರೆಯುವವರಿಗೆ ಒಂದು ಭಯವಿರುತ್ತದೆ, ಅಳಿಸಿದರೆ ಮತ್ತೆ ಬರೆಯಲಾಗದ್ದನ್ನು ಮುಟ್ಟಬಾರದೆಂದು. ಹಲ್ಲಿನ ಮೇಲಿನ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದದ್ದು, ಆದರೆ ಸವೆದರೆ ಚರ್ಮದಂತೆ, ಎಲುಬಿನಂತೆ ಮತ್ತೆ ಬೆಳೆಯುವುದಿಲ್ಲ. ಆ ದಿನ ನನ್ನನ್ನು ಎಬ್ಬಿಸಿದ ಭಯಕ್ಕೆ ಇವತ್ತೂ ಕೃತಜ್ಞಳಾಗಿದ್ದೇನೆ.

ಮಾರ್ಚ್ ಕೊನೆಯ ಲೆಕ್ಕ ಮುಗಿಸಿ ಏಪ್ರಿಲ್‌ನಲ್ಲಿ ಮಣಿಪಾಲದ ದಂತ ಕಾಲೇಜಿಗೆ ಹೋದೆ. ಗಂಡನೂ ಬಂದರು. ಇಂದ್ರಾಳಿಯಲ್ಲಿ ಬಸ್ಸು ನಿಂತಲ್ಲೇ ನಿಂತಿತ್ತು, ಟೈಗರ್ ಸರ್ಕಲ್ ತಲುಪುವಾಗ ಚೀಟಿ ಮಾಡಿಸುವ ಸಾಲು ಆಗಲೇ ಉದ್ದವಾಗಿತ್ತು. ನೋಡಿದವರು ಸ್ನಾತಕೋತ್ತರ ಓದುತ್ತಿರುವ ಎಳೆಯ ವೈದ್ಯೆ. ಅವರು ಬಾಯಿ ತೆರೆಸುವ ಮೊದಲು ಹತ್ತು ನಿಮಿಷ ಮಾತಾಡಿಸಿದರು. ಚಹಾ ಎಷ್ಟು? ಎಂಟು, ಒಂಬತ್ತು. ದಕ್ಕೆಯಲ್ಲಿ ಯಾರು ಬಂದರೂ ಚಹಾ, ಅವರಿಗೆ ತರಿಸಿದಾಗ ನನಗೂ ಒಂದು. ಎಲೆಯಡಿಕೆ, ತಂಬಾಕು? ಇಲ್ಲ. ಹುಳಿತೇಗು, ಎದೆಯುರಿ? ಯಾವಾಗಲೋ ಒಮ್ಮೆ. ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತಂತಾಗುತ್ತದೆಯೇ? ಇದಕ್ಕೆ ಉತ್ತರಿಸಲು ಗಂಡ ಉತ್ಸಾಹದಿಂದ ಮುಂದೆ ಬಂದರೂ, ಇಲಿಬೋನಿನ ಕಥೆಯ ಹೊರತು ಅವರ ಬಳಿ ಬೇರೆ ಸಾಕ್ಷ್ಯ ಇರಲಿಲ್ಲ. ಖಿನ್ನತೆಗೆ, ಆತಂಕಕ್ಕೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ದನಿ ತಗ್ಗಿಸಿ ಕೇಳಿದರು. ನಾನು ತೆಗೆದುಕೊಳ್ಳುತ್ತಿರಲಿಲ್ಲ. ಅಂಥ ಕೆಲವು ಮಾತ್ರೆಗಳಿಂದಲೂ ದವಡೆ ಬಿಗಿಯುವುದುಂಟು, ಹಾಗೆಂದು ಯಾರೂ ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟವರಿಗೆ ಹೋಗಿ ಹೇಳಬೇಕು ಎಂದರು. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಅಂಥ ಮಾತ್ರೆ ತೆಗೆದುಕೊಳ್ಳುವ ನನ್ನ ಪರಿಚಯದವರೊಬ್ಬರು ದಂತವೈದ್ಯರ ಮುಂದೆ ನಾಚಿಕೆಯಿಂದ ಅದನ್ನು ಮುಚ್ಚಿಟ್ಟಿದ್ದರು.

ಆಮೇಲೆ ಪರೀಕ್ಷೆ. ಎರಡೂ ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಲು ಹೇಳಿದರು. ಮಾಂಸ ಲಿಂಬೆಹಣ್ಣಿನಷ್ಟು ಉಬ್ಬಿತು. ಒತ್ತಿದಾಗ ಕಣ್ಣಲ್ಲಿ ನೀರು ಬಂತು. ಕಣತಲೆ ಒತ್ತಿದರು, ಬೆಳಗಿನ ತಲೆನೋವು ಅಲ್ಲೇ ಇತ್ತು. ಕಿವಿಯ ಮುಂದೆಯೇ ದವಡೆಯ ಕೀಲು. ಬಾಯಿ ತೆರೆದು ಮುಚ್ಚಿದಾಗ ಎಡಗಡೆ ಟಕ್ ಎನ್ನುತ್ತಿತ್ತು. ನೋವಿಲ್ಲದ ಬರೀ ಸದ್ದಿಗೆ ಹೆದರಬೇಕಾಗಿಲ್ಲ, ನಿಮಗೆ ನೋವೂ ಇದೆ, ಅದಕ್ಕೆ ನೋಡೋಣ ಎಂದರು. ಸ್ಕೇಲು ಹಿಡಿದು ಅಳೆದರೆ ಬಾಯಿ ನೋವಿಲ್ಲದೆ ತೆರೆಯುವುದು 32 ಮಿಲಿಮೀಟರ್. ಸಾಮಾನ್ಯವಾಗಿ 40ಕ್ಕಿಂತ ಹೆಚ್ಚಿರಬೇಕು, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಬೇಕು ಎಂದು ತೋರಿಸಿದರು. ನನಗೆ ಎರಡೇ ಹಿಡಿಸಿದವು. ಕನ್ನಡಿ ಹಿಡಿದು ನಾಲಿಗೆಯ ಅಂಚು ನೋಡಲು ಹೇಳಿದರು. ಹೋಳಿಗೆಯ ಅಂಚಿಗೆ ಬೆರಳೊತ್ತಿದಂತೆ ಸಾಲಾಗಿ ಹಲ್ಲಿನ ಗುರುತು. ಕೆನ್ನೆಯ ಒಳಗೆ ಹಲ್ಲು ಕೂಡುವ ಮಟ್ಟದಲ್ಲಿ ಒಂದು ಬಿಳಿ ಗೆರೆ. ಇಷ್ಟು ವರ್ಷ ದಿನಾ ಹಲ್ಲುಜ್ಜುವಾಗ ಅದೇ ಬಾಯಿ ನೋಡಿದ್ದೇನೆ, ಏನೂ ಕಂಡಿರಲಿಲ್ಲ.

ಎಲ್ಲ ಬರೆದುಕೊಂಡ ಮೇಲೆ ಅವರು ತಲೆಯೆತ್ತಿ ಕೇಳಿದರು: "ಈಗ, ನಾನು ಮಾತಾಡುತ್ತಿರುವಾಗ, ನಿಮ್ಮ ಹಲ್ಲುಗಳು ಎಲ್ಲಿವೆ?"

ಮೇಲಿನ ಸಾಲು ಕೆಳಗಿನ ಸಾಲನ್ನು ಕಚ್ಚಿ ಹಿಡಿದಿತ್ತು. "ಬಾಯಿ ಮುಚ್ಚಿದ್ದರೆ ಹಲ್ಲು ಕೂಡಿಯೇ ಇರಬೇಕಲ್ಲ?" ಎಂದೆ.

ಇರಬಾರದಂತೆ. ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ಬಿಡುವಿರಬೇಕು. ಜಗಿಯುವಾಗ, ನುಂಗುವಾಗ ಮುಟ್ಟಿದ್ದನ್ನೆಲ್ಲ ಕೂಡಿಸಿದರೂ ದಿನವೊಂದಕ್ಕೆ ಹಲ್ಲಿಗೆ ಹಲ್ಲು ತಾಗುವ ಹೊತ್ತು ಇಪ್ಪತ್ತು ನಿಮಿಷದ ಆಸುಪಾಸು. ನಾನು ಅದನ್ನು ಒಂದು ಬೋಟಿನ ಲೆಕ್ಕದಲ್ಲೇ ಮುಗಿಸುತ್ತಿದ್ದೆ. ಇಷ್ಟು ದಿನ ಕಳ್ಳನನ್ನು ರಾತ್ರಿ ಹುಡುಕಿದ್ದೇ ಹುಡುಕಿದ್ದು, ಅವನು ಹಗಲಿಡೀ ನನ್ನ ಮೇಜಿನ ಎದುರೇ ಕುಳಿತಿದ್ದ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಗಲಿನದು ಬೇರೆ, ರಾತ್ರಿಯದು ಬೇರೆ. ಕೆಲವರಿಗೆ ಒಂದೇ ಇರುತ್ತದೆ, ನನ್ನಂಥವರಿಗೆ ಎರಡೂ. ರಾತ್ರಿಯದು ನಮ್ಮ ಕೈಯಲ್ಲಿಲ್ಲ. ನಿದ್ದೆ ಹಗುರವಾದಾಗ ಮಿದುಳು ಕ್ಷಣಕಾಲ ಅರೆ ಎಚ್ಚರಕ್ಕೆ ಬರುತ್ತದೆ, ಎದೆಬಡಿತ ಹೆಚ್ಚುತ್ತದೆ, ಅದರ ಬೆನ್ನಿಗೇ ದವಡೆಯ ಸ್ನಾಯುಗಳು ಕೆಲಸ ಶುರುಮಾಡುತ್ತವೆ. ಹಲ್ಲು ಸೊಟ್ಟಗಿರುವುದರಿಂದ ಹೀಗಾಗುತ್ತದೆ ಎಂದು ಹಿಂದೆ ನಂಬಿದ್ದರು, ಈಗ ಆ ಮಾತಿಗೆ ಬೆಲೆಯಿಲ್ಲ. ಒತ್ತಡ, ಸಂಜೆಯ ಚಹಾ ಕಾಫಿ, ಮದ್ಯ, ಧೂಮಪಾನ ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಹಗಲಿನದು ಮಾತ್ರ ಅಭ್ಯಾಸ. ಅಭ್ಯಾಸವಾದ್ದರಿಂದ ಬಿಡಿಸಬಹುದು. ಬೇರುಸಹಿತ ಕೀಳುವ ಮದ್ದು ಯಾವುದಕ್ಕೂ ಇಲ್ಲ ಎಂದು ಅವರು ಮೊದಲೇ ಹೇಳಿದ್ದು ನನಗೆ ಒಳ್ಳೆಯದಾಯಿತು, ಗುಣವಾಗಲಿಲ್ಲವೆಂದು ಊರೂರು ಅಲೆಯುವುದು ತಪ್ಪಿತು. ಸ್ನಾಯುವಿಗೆ ಬೊಟಾಕ್ಸ್ ಚುಚ್ಚುವ ದಾರಿಯೂ ಇದೆ, ಕೆಲವು ತಿಂಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ, ಸದ್ಯ ನಿಮಗೆ ಬೇಡ ಎಂದರು. ನಾನೂ ಮತ್ತೆ ಕೇಳಲಿಲ್ಲ.

ಮುಂದಿನ ವಾರ ಅಚ್ಚು ತೆಗೆದರು. ತಟ್ಟೆಯಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿದ ತಣ್ಣನೆಯ ಮುದ್ದೆಯನ್ನು ಬಾಯೊಳಗೆ ಒತ್ತಿ ಹಿಡಿದರೆ ಎರಡು ಮೂರು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ವಾಂತಿ ಬಂದಂತಾಗುತ್ತದೆ, ಮೂಗಿನಿಂದ ಉಸಿರಾಡುತ್ತ ಕಾಲಿನ ಹೆಬ್ಬೆರಳು ಆಡಿಸುತ್ತಿರಿ ಎಂದರು. ಆಡಿಸಿದೆ. ಅದರಿಂದ ಮಾಡಿದ ಪ್ಲಾಸ್ಟರಿನ ಹಲ್ಲುಸೆಟ್ಟನ್ನು ಕೈಯಲ್ಲಿ ಹಿಡಿದಾಗ ಮಾತ್ರ ನಿಜವಾಗಿ ಹೆದರಿದೆ. ಬಾಯೊಳಗಿರುವಾಗ ಹಲ್ಲು ನಮ್ಮದು, ಮೇಜಿನ ಮೇಲಿಟ್ಟರೆ ಯಾರದ್ದೋ. ಅದು ಎಪ್ಪತ್ತು ದಾಟಿದವರ ಬಾಯಿಯಂತಿತ್ತು. ಕೋರೆಹಲ್ಲುಗಳಿಗೆ ಮೊನೆಯೇ ಇಲ್ಲ, ಸುಣ್ಣದ ಕಡ್ಡಿಯನ್ನು ಹಲಗೆಗೆ ಉಜ್ಜಿ ಸವೆಸಿದಂತೆ ಚಪ್ಪಟೆ. ಮೇಲಿನ ಅಚ್ಚನ್ನು ಕೆಳಗಿನದರ ಮೇಲಿಟ್ಟು ವೈದ್ಯೆ ಸ್ವಲ್ಪ ಬಲಕ್ಕೆ ಜಾರಿಸಿದಾಗ ಆ ಎರಡು ಚಪ್ಪಟೆಗಳು ಬೀಗ ಬಿದ್ದಂತೆ ಕೂಡಿಕೊಂಡವು. "ರಾತ್ರಿ ನೀವು ಇಲ್ಲಿಗೆ ಹೋಗುತ್ತೀರಿ" ಎಂದರು. ಎಚ್ಚರವಿದ್ದಾಗ ಬೇಕೆಂದರೂ ದವಡೆಯನ್ನು ಅಷ್ಟು ದೂರ ಒಯ್ಯಲು ನನ್ನಿಂದಾಗಲಿಲ್ಲ.

ಈ ಬಾರಿಯ ಗಾರ್ಡ್ ಗಟ್ಟಿ ಅಕ್ರಿಲಿಕ್ಕಿನದು, ಮೇಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವಂಥದ್ದು. ಕೆಲವೇ ಹಲ್ಲುಗಳ ಮೇಲೆ ಕೂರುವಂಥದ್ದನ್ನು ಬಹಳ ಕಾಲ ಹಾಕಿಕೊಂಡರೆ ಹಲ್ಲಿನ ಕೂಡುವಿಕೆಯೇ ಬದಲಾಗಬಹುದಂತೆ. ನೀಲಿ ಕಾಗದ ಕಚ್ಚಿಸಿ, ಬಿದ್ದ ಕಲೆ ನೋಡಿ, ಎತ್ತರವಿದ್ದಲ್ಲಿ ಕೆರೆದು ಸರಿಮಾಡಿದರು. ಮೂರು ಸಲ ಹೋಗಬೇಕಾಯಿತು. ಮೊದಲ ವಾರ ದಿಂಬು ಒದ್ದೆ, ಎರಡು ದಿನ ಬೆಳಿಗ್ಗೆ ಅದು ಮಂಚದ ಕೆಳಗೆ ಸಿಕ್ಕಿತು. ಹತ್ತನೆಯ ದಿನ ಅಭ್ಯಾಸವಾಯಿತು. ಇಪ್ಪತ್ತನೆಯ ದಿನ ಅತ್ತೆ ಅದನ್ನು ಕುದಿಯುವ ನೀರಿಗೆ ಹಾಕಿದರು. ಬಾಯಿಗಿಡುವ ವಸ್ತುವನ್ನು ಬರೀ ತಣ್ಣೀರಿನಲ್ಲಿ ತೊಳೆಯುವ ಸೊಸೆಯ ಕೊಳಕುತನವನ್ನು ಎಷ್ಟು ದಿನ ಸಹಿಸಿಯಾರು! ಬಿಸಿಗೆ ಅದು ಬಾಗಿತು. ಮತ್ತೆ ಅಚ್ಚು, ಮತ್ತೆ ಹೆಬ್ಬೆರಳು ಆಡಿಸುವುದು, ಮತ್ತೆ ಹಣ. ಈಗ ತಣ್ಣೀರು, ಮೆದು ಬ್ರಷ್ಷು, ಒಂದು ಹನಿ ಸೋಪು. ಡಬ್ಬಿ ನನ್ನ ಬೀರುವಿನಲ್ಲಿ.

ಗಾರ್ಡ್ ಹಾಕಿದರೆ ಅರೆಯುವುದು ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲುವುದಿಲ್ಲ. ಹಲ್ಲಿನ ಬದಲು ಪ್ಲಾಸ್ಟಿಕ್ಕು ಸವೆಯುತ್ತದೆ, ಅಷ್ಟೇ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದರೆ ಗೀರುಗಳು ಕಾಣುತ್ತವೆ, ಹಿಂದಿನ ರಾತ್ರಿ ಏನೂ ನೆನಪಿರದವಳ ಪರವಾಗಿ ಯಾರೋ ಬರೆದಿಟ್ಟ ರೋಜನಾಮೆ.

ಹಗಲಿನದಕ್ಕೆ ವೈದ್ಯೆ ಹೇಳಿದ ಉಪಾಯ ತೀರಾ ಸರಳ. ಕಣ್ಣಿಗೆ ಬೀಳುವ ಕಡೆ ಒಂದು ಗುರುತು ಅಂಟಿಸಿ, ಅದನ್ನು ಕಂಡಾಗಲೆಲ್ಲ ಹಲ್ಲು ಎಲ್ಲಿದೆ ನೋಡಿಕೊಳ್ಳಿ, ಕೂಡಿದ್ದರೆ ಬಿಡಿಸಿ. ಮಗಳ ಹಸಿರು ಬಿಂದಿಯ ಪ್ಯಾಕೆಟ್ ಖಾಲಿ ಮಾಡಿದೆ. ಕ್ಯಾಲ್ಕುಲೇಟರಿಗೊಂದು, ಲೆಕ್ಕದ ಪುಸ್ತಕಕ್ಕೆ, ಮೊಬೈಲಿಗೆ, ಸ್ಕೂಟರಿನ ಕನ್ನಡಿಗೆ, ಅಡುಗೆಮನೆಯ ಮಿಕ್ಸಿಗೆ. ಬಿಡಿಸುವುದಕ್ಕೂ ಒಂದು ಕ್ರಮ ಹೇಳಿಕೊಟ್ಟಿದ್ದರು: ಮನಸ್ಸಿನಲ್ಲೇ 'ನ' ಎಂದುಕೊಳ್ಳಿ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಹೋಗಿ ನಿಲ್ಲುತ್ತದೆ, ದವಡೆ ತಾನಾಗಿ ಇಳಿಯುತ್ತದೆ. 'ನ' ಎಂದರೆ ನ, 'ಣ' ಅಲ್ಲ ಎಂದು ಅವರು ನಕ್ಕಿದ್ದರು.

ನಾನು ಲೆಕ್ಕದವಳಾದ್ದರಿಂದ ಪುಸ್ತಕದ ಅಂಚಿನಲ್ಲಿ ಗೀಟು ಹಾಕುತ್ತ ಹೋದೆ. ಮೊದಲ ದಿನ ಬಿಂದಿ ಕಂಡದ್ದು ಮೂವತ್ತು ಸಲ, ಹಲ್ಲು ಕಚ್ಚಿದ್ದದ್ದು ಇಪ್ಪತ್ತೆರಡು ಸಲ. ಕೂಡಿಸುವಾಗ ಕಚ್ಚುತ್ತಿದ್ದೆ, ಇದು ನಿರೀಕ್ಷಿಸಿದ್ದೇ. ಮಾಲೀಕರ ಹೆಸರು ಮೊಬೈಲಿನಲ್ಲಿ ಮೂಡಿದಾಗಲೂ ಸರಿ. ಆದರೆ ತೆಂಗಿನಕಾಯಿ ತುರಿಯುವಾಗ ಏಕೆ? ಸೂಜಿಗೆ ದಾರ ಪೋಣಿಸುವಾಗ? ಮಗಳ ಜಡೆ ಹೆಣೆಯುವಾಗ? ಕೈ ಸೂಕ್ಷ್ಮ ಕೆಲಸಕ್ಕಿಳಿದರೆ ದವಡೆಯೂ ಕರೆಯದೆ ಸಹಾಯಕ್ಕೆ ಬರುತ್ತಿತ್ತು. ಇನ್ನು ಅತ್ತೆಯವರು ತಮ್ಮ ತವರಿನ ಆಸ್ತಿ ವ್ಯಾಜ್ಯದ ಕಥೆ ಹೇಳುವಾಗ ಎಷ್ಟು ಗೀಟು ಬಿದ್ದವೆಂದು ಇಲ್ಲಿ ಬರೆಯುವುದಿಲ್ಲ.

ಅವುಡುಗಚ್ಚಿ ಸಹಿಸಿಕೊಂಡಳು ಎಂದು ಹೊಗಳುತ್ತೇವೆ. ಹಲ್ಲು ಕಚ್ಚಿ ಸಂಸಾರ ತೂಗಿಸಿದಳು ಎಂದು ನನ್ನ ಅಮ್ಮನ ಬಗ್ಗೆ ಊರೆಲ್ಲ ಹೇಳುತ್ತಿತ್ತು. ಅಮ್ಮನ ಹಲ್ಲುಗಳೂ ಐವತ್ತರ ಹೊತ್ತಿಗೆ ಬುಡದವರೆಗೆ ಸವೆದಿದ್ದವು. ಅದು ಬೇವಿನ ಕಡ್ಡಿ, ಮಸಿಯ ಉಜ್ಜಾಟ ಎಂದುಕೊಂಡಿದ್ದೆವು.

ಜೊತೆಗೆ ಸಣ್ಣಪುಟ್ಟವು. ರಾತ್ರಿ ಹದಿನೈದು ನಿಮಿಷ ಕೆನ್ನೆಗೆ ಬಿಸಿ ಬಟ್ಟೆಯ ಶಾಖ, ಆಮೇಲೆ ಬೆರಳಿನಿಂದ ವೃತ್ತಾಕಾರದಲ್ಲಿ ಉಜ್ಜುವುದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡೇ ನಿಧಾನವಾಗಿ ಬಾಯಿ ತೆರೆದು ಮುಚ್ಚುವುದು ಆರು ಸಲ, ದಿನಕ್ಕೆ ಆರು ಬಾರಿ. ಆರು ಬಾರಿ ನನ್ನಿಂದ ಎಂದೂ ಆಗಿಲ್ಲ, ಮೂರು ಆದರೆ ಹೆಚ್ಚು. ಸಂಜೆ ನಾಲ್ಕರ ನಂತರ ಚಹಾ ಬಿಟ್ಟದ್ದು ಎಲ್ಲಕ್ಕಿಂತ ಕಷ್ಟವಾಯಿತು. ಕೋರಿರೊಟ್ಟಿಯನ್ನು ಬಿಡಲಿಲ್ಲ. ಸಾರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಕಾಯುತ್ತೇನೆ, ಉಳಿದವರ ಊಟ ಮುಗಿದಿರುತ್ತದೆ.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ದಕ್ಕೆಯಲ್ಲಿ ಸಾಲಾಗಿ ನಿಂತವು. ಜುಲೈ 31ರವರೆಗೆ 61 ದಿನ. ಬಲೆ ದುರಸ್ತಿಯ ಬಿಲ್ಲುಗಳ ಹೊರತು ನನಗೂ ಕೆಲಸವಿಲ್ಲ. ಜೂನ್ ಮೂರನೆಯ ವಾರದ ಹೊತ್ತಿಗೆ ಬೆಳಗಿನ ತಲೆನೋವು ಮಾಯ, ಬಾಯಿಗೆ ಮೂರು ಬೆರಳು ಹಿಡಿಸತೊಡಗಿದವು. ಗಾರ್ಡಿನಿಂದ, ಬಿಂದಿಯಿಂದ, ಚಹಾ ಬಿಟ್ಟದ್ದರಿಂದ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದವು. ಎರಡನೆಯ ವಾರ, ಮೊದಲ ಹರಾಜಿನ ಲೆಕ್ಕ ಮುಗಿಸಿದ ಮರುದಿನ ಬೆಳಿಗ್ಗೆ ಗಾರ್ಡನ್ನು ಬೆಳಕಿಗೆ ಹಿಡಿದರೆ ಬಲಗಡೆ ಹೊಸದೊಂದು ಆಳವಾದ ಗೀರು. ಕಣತಲೆಯೂ ಹಳೆಯ ಗುರುತು ಹಿಡಿದಿತ್ತು.

ಯಾವುದರಿಂದ ಎಷ್ಟು ಗುಣವಾಯಿತು ಎಂದು ಬೋಟಿನ ಪಾಲಿನಂತೆ ಹಂಚಿ ಹೇಳಲು ನನಗೆ ಆಗುವುದಿಲ್ಲ. ಆದರೆ ಆ ಗೀರು ಕಂಡ ಮೇಲೆ ಒಂದು ಕೆಲಸ ಮಾಡಿದೆ. ಎರಡು ಬೋಟು ಒಟ್ಟಿಗೆ ಬಂದ ದಿನ ಎರಡನೆಯದರ ಲೆಕ್ಕ ಮರುದಿನ ಬೆಳಿಗ್ಗೆ ಎಂದು ಮಾಲೀಕರಿಗೆ ಹೇಳಿದೆ. ಹೇಳುವಾಗ ನಾಲಿಗೆ 'ನ'ದಲ್ಲಿತ್ತು. ಅವರು, "ಆಯಿತು, ಅದಕ್ಕೇನು?" ಎಂದರು. ಹದಿನಾಲ್ಕು ವರ್ಷದಿಂದ ನಾನು ಇದನ್ನು ಕೇಳಿಯೇ ಇರಲಿಲ್ಲ.

ಈಗ ಅಂಚಿನ ಗೀಟುಗಳು ಮೂವತ್ತಕ್ಕೆ ಏಳೆಂಟು. ತಲೆನೋವು ತಿಂಗಳಿಗೆ ಒಂದೆರಡು ದಿನ. ಗಂಡನ ಪ್ರಕಾರ ಇಲಿ ಪೂರ್ತಿ ಹೋಗಿಲ್ಲ, ದೂರ ಸರಿದಿದೆ. ಮುರಿದ ಹಲ್ಲಿಗೆ ಕ್ಯಾಪ್ ಹಾಕಿಸಿದ್ದೇನೆ. ಆರು ತಿಂಗಳಿಗೊಮ್ಮೆ ಗಾರ್ಡನ್ನು ಮಣಿಪಾಲಕ್ಕೆ ಒಯ್ದು ತೋರಿಸಬೇಕು. ಕಳೆದ ಬಾರಿ ನೀಲಿ ಕಾಗದ ಕಚ್ಚಿಸಿ ನೋಡಿದ ಮೇಲೆ ವೈದ್ಯೆ ಮುಂದಿನ ಭೇಟಿಗೆ ಜುಲೈ ಎಂದು ಚೀಟಿಯಲ್ಲಿ ಬರೆಯಹೊರಟರು. ಬೇಡ, ಆಗಸ್ಟ್ ಕೊನೆಗೆ ಹಾಕಿ ಎಂದೆ. ಬೋಟು ಇಳಿದ ಮೇಲೆ ನೋಡಿದರೆ ತಾನೇ ಲೆಕ್ಕ ಸರಿಯಾಗಿ ಸಿಗುವುದು.